ಮದಲೂರು ಕೆರೆಯ ದೋಣಿಗೆ ಪಂಪು ಹಾಕಿದ್ದು

ಮದಲೂರು ಕೆರೆ ತುಂಬುವುದೇ ಅಪರೂಪ. ನಾನು ಆ ಊರಿಗೆ ಹೆರಿಗೆ ನರ್ಸಾಗಿ ಹೋದ ಮೂರನೆಯ ವರ್ಷ ಅದು ತುಂಬಿ ಕೋಡಿ ಬಿತ್ತು. ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನನಗಾಗ ಇಪ್ಪತ್ತಾರು. ನನ್ನದು ಕೊರಟಗೆರೆ. ತಂದೆ ತೀರಿಕೊಂಡಿದ್ದರು. ತಾಯಿಯೂ ಓದುತ್ತಿದ್ದ ತಮ್ಮನೂ ನನ್ನ ಸಂಬಳವನ್ನೇ ನಂಬಿಕೊಂಡಿದ್ದರು. ಮುಂದೆ ನಾನು ಮಾಡಿದ ಒಂದು ಕೆಲಸಕ್ಕೆ ಇದನ್ನೇ ಕಾರಣ ಹೇಳಿಕೊಂಡೆ, ಅದಕ್ಕೆ ಈಗಲೇ ಹೇಳಿಬಿಡುತ್ತೇನೆ.

ಕೆರೆಯ ಆಚೆ ದಡದಲ್ಲಿ ಎರಡು ಮೂರು ಹಟ್ಟಿಗಳಿದ್ದವು. ಕೆರೆ ಒಣಗಿದ್ದ ವರ್ಷಗಳಲ್ಲಿ ಕೆರೆಯಂಗಳದಲ್ಲೇ ಗಾಡಿ ಜಾಡು. ನಾನು ನಡೆದೇ ಹೋಗಿಬರುತ್ತಿದ್ದೆ. ಆ ವರ್ಷ ಜಾಡೆಲ್ಲ ನೀರಿನ ಕೆಳಗೆ ಹೋಯಿತು. ಸುತ್ತಿಕೊಂಡು ಹೋಗಲು ಇಡೀ ಒಂದು ಹೊತ್ತು ಬೇಕು. ಮೀನು ಹಿಡಿಯುವವರ ಹರಿಗೋಲು ಇತ್ತು, ಆದರೆ ಗಾಳಿ ಎದ್ದರೆ ಅದು ಇದ್ದಲ್ಲೇ ಬುಗುರಿಯಂತೆ ತಿರುಗುತ್ತಿತ್ತು.

ತುಂಬಿದ ಕೆರೆ ನೋಡಲು ಮೇಲಿನವರೊಬ್ಬರು ಬಂದರು. ಆಚೆ ದಡದ ಜನ ಕೈಮುಗಿದು ಕೇಳಿಕೊಂಡರು. ತಿಂಗಳೊಳಗೆ ಲಾರಿಯ ಮೇಲೆ ಒಂದು ಡೀಸೆಲ್ ದೋಣಿ ಬಂತು. ಅದು ಯಾವ ಇಲಾಖೆಯದೆಂದು ನಾನು ಹೇಳುವುದಿಲ್ಲ. ಆ ಇಲಾಖೆಯವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಹೆಸರು ಹೇಳಿದರೆ ಬೈಗುಳಕ್ಕೇ ಪುಟ ಸಾಲದೆ ಹೋದೀತು.

ದೋಣಿಯ ಜೊತೆಗೆ ಒಬ್ಬ ಚಾಲಕರೂ ಬಂದರು. ಕರಾವಳಿಯವರು, ಐವತ್ತು ದಾಟಿದವರು. ಮೊದಲ ದಿನ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿ, ಉಗುಳಿ, "ಉಪ್ಪಿಲ್ಲದ ನೀರಿನಲ್ಲಿ ನಾನು ಈವರೆಗೆ ದೋಣಿ ಬಿಟ್ಟವನೇ ಅಲ್ಲ ಸಿಸ್ಟರೇ" ಎಂದರು. ದೋಣಿಯೂ ಅವರಂತೆಯೇ ಸಮುದ್ರ ಕಂಡದ್ದು. ಬಂದರಿನಲ್ಲಿ ಹಳೆಯದಾದ ಮೇಲೆ ಬಣ್ಣ ಬಳಿದು ನಮ್ಮ ಕಡೆ ಸಾಗಹಾಕಿದ್ದರು.

ವಾರಕ್ಕೆ ಮೂರು ಸಲ ನಾನು ಆ ದೋಣಿಯಲ್ಲಿ ಹೋಗಿಬರುತ್ತಿದ್ದೆ. ಚುಚ್ಚುಮದ್ದಿನ ಪೆಟ್ಟಿಗೆ, ಹೆರಿಗೆ ಚೀಲ, ರಿಜಿಸ್ಟರು ಕಾಲ ಬಳಿ ಇಟ್ಟುಕೊಂಡು ಇಂಜಿನ್ನಿನ ಪಕ್ಕದ ಹಲಗೆಯ ಮೇಲೆ ಕೂರುತ್ತಿದ್ದೆ. ಚಾಲಕರಿಗೆ ಮಾತಾಡಲು ಊರಲ್ಲಿ ಯಾರೂ ಇರಲಿಲ್ಲ. ಅವರ ಕನ್ನಡ ಊರವರಿಗೆ ನಗು, ಊರವರ ಕನ್ನಡ ಅವರಿಗೆ ಒಗಟು. ಹಾಗಾಗಿ ನನಗೆ ಇಂಜಿನ್ ಪಾಠ ಹೇಳುತ್ತಿದ್ದರು.

"ಲಾರಿಗೆ ರೇಡಿಯೇಟರ್ ಉಂಟಲ್ಲ, ಇದಕ್ಕೆ ಇಲ್ಲ" ಎಂದು ಒಂದು ದಿನ ಮುಚ್ಚಳ ಎತ್ತಿ ತೋರಿಸಿದರು. ಇಂಜಿನ್ನಿನ ಬದಿಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ಹಿತ್ತಾಳೆಯ ಗಡ್ಡೆಯೊಂದಿತ್ತು. "ಇದು ಪಂಪು. ದೋಣಿಯ ತಳದಿಂದ ಹೊರಗಿನ ನೀರನ್ನು ಎಳೆಯುವುದು, ಇಂಜಿನ್ನಿನ ಮೈಯೊಳಗೆ ಓಡಿಸುವುದು, ಹಿಂದಿನ ಕೊಳವೆಯಲ್ಲಿ ಉಗುಳುವುದು. ಒಳಗೆ ರಬ್ಬರಿನ ರೆಕ್ಕೆಗಳಿರುವ ಒಂದು ಚಕ್ರ, ಅಷ್ಟೆ. ನೀವು ಹಿಂದೆ ನೋಡುತ್ತಾ ಇರಿ. ಕೊಳವೆಯಲ್ಲಿ ನೀರು ಬೀಳುವವರೆಗೆ ಇಂಜಿನ್ನಿಗೆ ಜೀವ ಉಂಟು. ನಿಂತರೆ ನನಗೆ ಹೇಳಿ."

ಅಂದಿನಿಂದ ನನ್ನ ಕಣ್ಣು ಹಿಂದಿನ ಕೊಳವೆಯ ಮೇಲೆ. ನಾಡಿ ಹಿಡಿದು ಅಭ್ಯಾಸವಾದವಳು ನಾನು. ಆ ನೀರು ಉಗುಳುವ ಲಯವೂ ನನಗೆ ಬೇಗ ಪರಿಚಯವಾಯಿತು.

ಎರಡೇ ತಿಂಗಳಲ್ಲಿ ಲಯ ತಪ್ಪಿತು. ಹೊಸದಾಗಿ ತುಂಬಿದ ಕೆರೆ, ನೀರೆಲ್ಲ ಕೆಮ್ಮಣ್ಣು, ನುಣ್ಣನೆಯ ಮರಳು. ಅದು ಪಂಪಿನ ಒಳಗೆ ಹೋಗಿ ರಬ್ಬರನ್ನೂ ಹಿತ್ತಾಳೆಯನ್ನೂ ತಿಂದುಹಾಕಿತು. ಪಂಪಿನ ಬುಡದಿಂದ ನೀರು ಜಿನುಗಿ ದೋಣಿಯ ಹೊಟ್ಟೆಗೆ ಸೇರತೊಡಗಿತು. ಕೊಳವೆಯಲ್ಲಿ ಬೀಳುವ ನೀರು ಬೆರಳಿನ ಗಾತ್ರಕ್ಕೆ ಇಳಿಯಿತು.

ಚಾಲಕರು ಹೊಸ ಪಂಪು ಬೇಕೆಂದು ಬರೆಸಿದರು. ಸಹಿ ಬಿಟ್ಟರೆ ಅವರಿಗೆ ಬರೆಯಲು ಬಾರದು, ಹಾಗಾಗಿ ಕಾಗದ ಬರೆದದ್ದು ನಾನು, ಸಹಿ ಅವರದು. ಮೊದಲ ಕಾಗದಕ್ಕೆ ಉತ್ತರವೇ ಇಲ್ಲ. ಎರಡನೆಯದಕ್ಕೆ, ಹಳೆಯ ಪಂಪನ್ನು ತಪಾಸಣೆಗೆ ಕಳಿಸಬೇಕು ಎಂದು ಬಂತು. ಹಳೆಯದನ್ನು ಕಳಿಸಿದರೆ ದೋಣಿ ನಿಲ್ಲುತ್ತದೆ, ಏನು ಮಾಡಲಿ ಎಂದು ಮೂರನೆಯದರಲ್ಲಿ ಕೇಳಿದೆವು. ದೋಣಿಯನ್ನು ಯಾವ ಕಾರಣಕ್ಕೂ ನಿಲ್ಲಿಸಕೂಡದು ಎಂದು ಉತ್ತರ ಬಂತು. ಎರಡೂ ಕಾಗದಕ್ಕೆ ಒಂದೇ ಸಹಿ.

ನಾಲ್ಕನೆಯದಕ್ಕೆ ಸಾಹೇಬರೇ ಬಂದರು. ಎಳೆಯ ವಯಸ್ಸಿನ ಇಂಜಿನಿಯರು, ಇಸ್ತ್ರಿ ಮಾಡಿದ ಪ್ಯಾಂಟು. ದೋಣಿಗೆ ಇಳಿಯಲಿಲ್ಲ, ಏರಿಯ ಮೇಲೆ ನಿಂತೇ ನೋಡಿದರು. "ಒಳ್ಳೇ ಪಂಪು ಎಷ್ಟು ವರ್ಷ ಬರುತ್ತೆ?" ಎಂದು ಕೇಳಿದರು.

"ಸಮುದ್ರದಲ್ಲಾದರೆ ನಾಲ್ಕೈದು ವರ್ಷ. ಇಲ್ಲಿ ಮಣ್ಣು ಸ್ವಾಮಿ" ಎಂದರು ಚಾಲಕರು.

"ಎರಡು ತಿಂಗಳಿಗೆ ಹೋಯ್ತು ಅಂದ್ರೆ ಯಾರು ನಂಬ್ತಾರೆ? ಬಂದಿದ್ದ ಪಂಪು ಇದೇನಾ, ಇಲ್ಲಾ ಬದಲಾಗಿದೆಯಾ?"

ಚಾಲಕರಿಗೆ ಆ ಮಾತಿನ ಅರ್ಥ ತಕ್ಷಣ ಆಗಲಿಲ್ಲ. ಆದಾಗ ಅವರ ಮುಖ ಕಪ್ಪಿಟ್ಟಿತು. ಒಳ್ಳೆಯ ಪಂಪನ್ನು ಮಾರಿಕೊಂಡು ಹಳತನ್ನು ಕೂರಿಸಿದ್ದೀಯಾ ಎಂದು ಆ ಹುಡುಗಪ್ರಾಯದವನು ಅಪ್ಪನ ವಯಸ್ಸಿನವರನ್ನು ಕೇಳುತ್ತಿದ್ದ. ನಾನು ಬಾಯಿ ತೆರೆದೆ. "ನೀವು ಯಾವ ಇಲಾಖೆ?" ಎಂದರು. ಆರೋಗ್ಯದ್ದು ಎಂದೆ. "ಹಾಗಾದರೆ ನಿಮ್ಮ ಕೆಲಸ ನೋಡಿಕೊಳ್ಳಿ" ಎಂದು ಜೀಪು ಹತ್ತಿದರು.

ಅದಾದ ಎರಡನೆಯ ವಾರ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹರಿಗೋಲಿನವನು ಆಚೆ ದಡದಿಂದ ಬಂದ. "ಅಮ್ಮಾರೇ, ಬ್ಯಾನೆ ಸುರುವಾಗಿ ಒಂದಿನ ಆತು. ಕೂಸು ಬತ್ತಿಲ್ಲ. ಕೈ ಮಾತ್ರ ಕಾಣ್ತೈತಂತೆ."

ಕೈ ಕಾಣುತ್ತಿದೆ ಎಂದರೆ ಮಗು ಅಡ್ಡಲಾಗಿದೆ. ಅದು ನನ್ನ ಕೈಯಲ್ಲಿ ಆಗುವ ಹೆರಿಗೆಯಲ್ಲ, ಸಿರಾ ಆಸ್ಪತ್ರೆಗೇ ಸಾಗಿಸಬೇಕು. ಚಾಲಕರು ಮೂರು ದಿನದಿಂದ ದೋಣಿ ಕಟ್ಟಿಹಾಕಿದ್ದರು. ವಿಷಯ ಕೇಳಿದವರೇ ಹಗ್ಗ ಬಿಚ್ಚಿದರು. "ಹೋಗುವಾಗ ನಿಧಾನ ಹೋಗುವಾ. ಬರುವಾಗ ದೇವರು ದೊಡ್ಡವನು" ಎಂದರು.

ಹೋಗುವಾಗ ಸರಿಯಾಗಿಯೇ ಹೋಯಿತು. ಹೆಂಗಸನ್ನು ಹಲಗೆಯ ಮೇಲೆ ಮಲಗಿಸಿಕೊಂಡು ಹೊರಟೆವು. ಗಂಡ ತಲೆಯ ಕಡೆ, ನಾನು ಕಾಲ ಕಡೆ. ಚೊಚ್ಚಲು, ಇಪ್ಪತ್ತು ತುಂಬಿರದ ಹುಡುಗಿ. ಅವಳು ಕೂಗುತ್ತಿರಲಿಲ್ಲ, ನನ್ನ ಸೆರಗು ಹಿಡಿದುಕೊಂಡಿದ್ದಳು. ಕೆರೆಯ ನಡುವೆ ಬಂದಾಗ ಹಿಂದೆ ನೋಡಿದೆ. ಕೊಳವೆಯಲ್ಲಿ ನೀರಿರಲಿಲ್ಲ, ಬರಿಯ ಹೊಗೆ.

ಚಾಲಕರು ಇಂಜಿನ್ ನಿಲ್ಲಿಸಿ ಮುಚ್ಚಳ ತೆಗೆದರು. ಆವಿ ಮುಖಕ್ಕೆ ಹೊಡೆಯಿತು. ಬಕೆಟ್ಟಿನಲ್ಲಿ ನೀರು ಮೊಗೆದು ಮೇಲಿಂದ ಹೊಯ್ದರು, ತಣಿಯುವುದಕ್ಕೆ ಕಾದರು, ಮತ್ತೆ ಚಾಲೂ ಮಾಡಿದರು. ನೂರು ಗಜವೂ ಹೋಗಲಿಲ್ಲ. ಮತ್ತೆ ಅದೇ. ಕೊನೆಗೆ, ಆಚೆ ದಡಕ್ಕೆ ವಾಪಸಾಗುತ್ತಿದ್ದ ಹರಿಗೋಲಿನವನು ನಮ್ಮನ್ನು ಕಂಡು ಹಗ್ಗ ಕಟ್ಟಿ ಎಳೆದ. ಚಾಲಕರೂ ಗಂಡನೂ ಹಲಗೆಗಳಿಂದ ಹುಟ್ಟು ಹಾಕಿದರು. ಅರ್ಧ ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಿತು. ದಡದಿಂದ ಗಾಡಿ, ಗಾಡಿಯಿಂದ ಸಿರಾ.

ತಾಯಿ ಉಳಿದಳು. ಮಗು ಉಳಿಯಲಿಲ್ಲ. ಬೇಗ ಬಂದಿದ್ದರೂ ಉಳಿಯುತ್ತಿತ್ತೆಂದು ಹೇಳಲಾಗದು ಎಂದರು ಅಲ್ಲಿನ ಲೇಡಿ ಡಾಕ್ಟರು. ಒಳ್ಳೆಯವರು, ನನ್ನ ಸಮಾಧಾನಕ್ಕೆ ಹೇಳಿದರೋ, ನಿಜವನ್ನೇ ಹೇಳಿದರೋ ನನಗೆ ಗೊತ್ತಿಲ್ಲ. ಆದರೆ ಮೂರು ಗಂಟೆ ಮೂರು ಗಂಟೆಯೇ. ನೀರಿನ ನಡುವೆ ಕೂತು ಆ ಪುಟ್ಟ ಕೈ ನೀಲಿಯಾಗುವುದನ್ನು ನೋಡಿದವಳು ನಾನು. ಏರಿಯ ಮೇಲೆ ನಿಂತು ಪಂಪು ಬದಲಾಗಿದೆಯಾ ಎಂದವರು ನೋಡಲಿಲ್ಲ.

ಮಾರನೆಯ ದಿನ ಚಾಲಕರಿಗೆ ಹೇಳಿದೆ, ಪಂಪು ಬಿಚ್ಚಿ ಕೊಡಿ, ನಾನು ಸಿರಾಕ್ಕೆ ತಗೊಂಡು ಹೋಗ್ತೀನಿ ಎಂದು. ಅಪ್ಪಣೆ ಬೇಕು ಎಂದರು. ಅಪ್ಪಣೆ ಕೇಳಿ ನಾಲ್ಕು ಕಾಗದ ಬರೆದದ್ದು ನಾನೇ ಅಲ್ಲವೇ ಎಂದೆ. ಅವರು ದೋಣಿಯ ತಳದಲ್ಲಿ ನೀರು ಒಳಬರುವ ವಾಲ್ವನ್ನು ಮುಚ್ಚಿ, ಎರಡು ರಬ್ಬರ್ ಪೈಪು ಕಿತ್ತು, ನಾಲ್ಕು ಬೋಲ್ಟು ಬಿಚ್ಚಿ ಪಂಪನ್ನು ಹಳೆಯ ಪಂಚೆಯಲ್ಲಿ ಸುತ್ತಿ ಕೊಟ್ಟರು. ಹೆರಿಗೆ ಚೀಲದೊಳಗೆ ಇಟ್ಟುಕೊಂಡು ಬಸ್ಸು ಹತ್ತಿದೆ.

ಸಿರಾ ಪೇಟೆಯಲ್ಲಿ ಒಬ್ಬ ಸಾಬರ ಲೇತು ಅಂಗಡಿಯಿತ್ತು. ಬಸ್ಸಿನ ಇಂಜಿನ್ನಿಂದ ಹೊಲಿಗೆ ಮಿಷನ್ನಿನವರೆಗೆ ಎಲ್ಲ ಅಲ್ಲಿಗೇ ಬರುತ್ತಿತ್ತು. ಗಡ್ಡಕ್ಕೆ ಗೋರಂಟಿ ಹಚ್ಚಿದ ಹಿರಿಯರು, ಪೇಟೆಯವರೆಲ್ಲ ಫಿಟ್ಟರು ಎಂದೇ ಕರೆಯುತ್ತಿದ್ದರು. ಅವರ ಸೊಸೆಗೆ ಹಿಂದೊಮ್ಮೆ ನಾನೇ ಹೆರಿಗೆ ಮಾಡಿಸಿದ್ದೆ. ಅವರು ಪಂಪಿನ ಮುಚ್ಚಳ ತೆಗೆದು ಬೆರಳು ಹಾಕಿ ಒಳಗಿನ ಹಿತ್ತಾಳೆಯನ್ನು ಸವರಿದರು. ರಬ್ಬರ್ ಚಕ್ರದಲ್ಲಿ ಉಳಿದಿದ್ದದ್ದು ಎರಡು ರೆಕ್ಕೆ.

"ಇದು ಖತಂ ಆಗೈತಮ್ಮ. ರಿಪೇರಿಗೆ ಜಾಗಾನೇ ಇಲ್ಲ. ಬ್ಯಾರೆ ಹಾಕ್ಬೇಕು."

"ಬೇರೆ ಎಲ್ಲಿ ಸಿಗುತ್ತೆ?"

"ಕುಂತ್ಕಳ್ರಿ" ಎಂದು ಒಳಗೆ ಹೋದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹರಾಜಾದ ಮಿಲಿಟರಿ ಗುಜರಿಯನ್ನು ಅವರು ಬೆಂಗಳೂರಿನಿಂದ ತಂದು ಗುಡ್ಡೆ ಹಾಕಿದ್ದರು. ಅದರಲ್ಲಿ ಮಧ್ಯಾಹ್ನದವರೆಗೆ ಹುಡುಕಿ, ಗ್ರೀಸು ಮೆತ್ತಿ ಕಾಗದ ಸುತ್ತಿದ್ದ ಒಂದು ಪಂಪನ್ನು ತಂದರು. ಒಂದು ಸಲವೂ ನೀರು ಕಾಣದ್ದು. ಆದರೆ ಅದರ ಬೋಲ್ಟಿನ ತೂತುಗಳು ಬೇರೆ, ಚಕ್ರ ತಿರುಗಿಸುವ ಕಂಬಿ ಒಂದು ಕೂದಲೆಳೆಯಷ್ಟು ಹೆಚ್ಚು ದಪ್ಪ.

ಎರಡು ದಿನ ಅವರು ಬೇರೆ ಕೆಲಸ ಮುಟ್ಟಲಿಲ್ಲ. ಕಂಬಿಯನ್ನು ಲೇತಿನಲ್ಲಿ ಹಿಡಿದು ಸವೆಸಿದರು, ಹಳೆಯ ಪಂಪಿನ ಹಲ್ಲುಚಕ್ರವನ್ನು ಅದಕ್ಕೆ ಕೂರಿಸಿದರು, ಪಂಪಿಗೂ ಇಂಜಿನ್ನಿಗೂ ನಡುವೆ ಕೂರುವಂತೆ ಕಬ್ಬಿಣದ ಬಿಲ್ಲೆಯೊಂದನ್ನು ಕೊರೆದರು. ಪಂಪು ನೀರೆಳೆಯುವ ಬಾಯಿಗೆ ತೆಳು ತಂತಿಯ ಜಾಲರಿ ಕಟ್ಟಿದರು, ಮರಳು ಒಳಗೆ ಬರದಿರಲಿ ಎಂದು. ಇಷ್ಟು ಯೋಚನೆ ನಾಲ್ಕು ಕಾಗದ ಓದಿದ ಕಚೇರಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಮೂರನೆಯ ದಿನ ಅವರೇ ನನ್ನ ಜೊತೆ ಬಸ್ಸಿನಲ್ಲಿ ಮದಲೂರಿಗೆ ಬಂದರು.

ಇಬ್ಬರು ಮುದುಕರೂ ಇಂಜಿನ್ನಿನ ಅಕ್ಕಪಕ್ಕ ಮಂಡಿಯೂರಿ ಕೂತರು. ಒಬ್ಬರದು ಮಂಗಳೂರು ಕಡೆಯ ಮಾತು, ಇನ್ನೊಬ್ಬರದು ಸಿರಾದ ಉರ್ದು ಬೆರೆತ ಕನ್ನಡ. ಆದರೂ ಸ್ಪ್ಯಾನರು ಕೇಳುವಲ್ಲಿ ಕೊಡುವಲ್ಲಿ ಒಂದೂ ತಪ್ಪಾಗಲಿಲ್ಲ. ಬಿಲ್ಲೆಯ ಎರಡು ಕಡೆಗೂ ನೀರು ಜಿನುಗದಂತೆ ದಪ್ಪ ಕಾಗದ ಬೇಕಾಯಿತು. ತಂದದ್ದು ಬಸ್ಸಿನಲ್ಲೇ ಉಳಿದಿತ್ತು. ಮುಗಿದುಹೋದ ಲಸಿಕೆ ರಿಜಿಸ್ಟರೊಂದರ ರಟ್ಟನ್ನು ಕಿತ್ತು ಕೊಟ್ಟೆ. ಫಿಟ್ಟರು ಅದನ್ನು ಬಿಲ್ಲೆಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಅಂಚಿನುದ್ದಕ್ಕೂ ತಟ್ಟಿ ತಟ್ಟಿಯೇ ಕತ್ತರಿಸಿದರು, ಎಣ್ಣೆಯಲ್ಲಿ ಅದ್ದಿದರು. ಪಂಪು ಕೂತಿತು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಪೈಪು ಹಾಕಿ, ತಳದ ವಾಲ್ವು ತೆರೆದು, ಚಾಲಕರು ಹಿಡಿಕೆ ತಿರುಗಿಸಿದರು.

ನಾನು ಹಿಂದೆ ನಿಂತಿದ್ದೆ. ಮೊದಲು ಹೊಗೆ. ನಾಲ್ಕೈದು ಉಸಿರಿನಷ್ಟು ಹೊತ್ತು ಬರಿಯ ಹೊಗೆ. ಆಮೇಲೆ ಕೊಳವೆ ಕೆಮ್ಮಿ, ಮೊಣಕೈ ಗಾತ್ರದ ಕೆಂಪು ನೀರು ಧಪ್ಪೆಂದು ಕೆರೆಗೆ ಬಿತ್ತು.

"ಬಂತು" ಎಂದೆ.

"ಬರ್ದೇ ಏನು" ಎಂದರು ಫಿಟ್ಟರು. ಕೈಯೊರೆಸಿಕೊಂಡು, ನೆರಳು ನೋಡಿ ಹೊತ್ತು ತಿಳಿದು, ದಡದಲ್ಲೇ ನಮಾಜಿಗೆ ನಿಂತರು.

ಐದು ವಾರ ದೋಣಿ ಒಂದು ದಿನವೂ ತಪ್ಪಲಿಲ್ಲ. ಆಚೆ ಹಟ್ಟಿಗಳಲ್ಲಿ ಉಳಿದಿದ್ದ ಲಸಿಕೆಯೆಲ್ಲ ಮುಗಿಸಿದೆ. ಆರನೆಯ ವಾರ, ಆ ಇಲಾಖೆಯ ದೂರಿನ ಮೇಲೆ, ನನಗೊಂದು ಮೆಮೋ ಬಂತು. ಸರ್ಕಾರಿ ಯಂತ್ರವನ್ನು ಅಪ್ಪಣೆಯಿಲ್ಲದೆ ಬಿಚ್ಚಿಸಿದ್ದೇನೆ, ಹೊರಗಿನವರಿಂದ ಮುಟ್ಟಿಸಿದ್ದೇನೆ, ಸರ್ಕಾರಿ ರಿಜಿಸ್ಟರಿನ ರಟ್ಟನ್ನು ಹರಿದಿದ್ದೇನೆ. ಯಾಕೆ ಕ್ರಮ ಕೈಗೊಳ್ಳಬಾರದು? ಮಗುವಿನ ವಿಚಾರ ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ರಟ್ಟಿನ ವಿಚಾರಕ್ಕೆ ಮಾತ್ರ ಒಂದು ಪ್ಯಾರಾ.

ನಾಲ್ಕು ಪುಟ ಉತ್ತರ ಬರೆದೆ. ಅಷ್ಟು ಚೆನ್ನಾಗಿ ನಾನು ಆಮೇಲೆ ಏನನ್ನೂ ಬರೆದಿಲ್ಲ. ನಮ್ಮ ಕಚೇರಿಯ ಗುಮಾಸ್ತರು ಓದಿ ತಲೆಯಾಡಿಸಿದರು. "ಇದನ್ನ ಕಳಿಸಿದ್ರೆ ನಿಮ್ ಕೆಲಸ ಹೋಗುತ್ತೆ ಕಣಮ್ಮ. ನಾನು ಹೇಳ್ದಂಗೆ ಎರಡು ಸಾಲು ಬರ್ಕೊಡಿ, ಫೈಲು ಮುಚ್ಚೋಗುತ್ತೆ." ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ತಿಳಿವಳಿಕೆಯಿಲ್ಲದೆ ಮಾಡಿದೆ, ಅದರಿಂದ ಯಂತ್ರಕ್ಕೆ ಏನಾದರೂ ಹಾನಿಯಾಗಿದ್ದಲ್ಲಿ ಕ್ಷಮಿಸಬೇಕು. ತಾಯಿಯೂ ತಮ್ಮನೂ ಕಣ್ಣೆದುರಿಗೆ ಬಂದರು. ಸಹಿ ಹಾಕಿದೆ.

ಅದಾದ ಕೆಲವು ದಿನಕ್ಕೆ ಇಲಾಖೆಯ ಹೊಸ ಪಂಪು ಬಂತು. ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ, ಹೊಳೆಹೊಳೆಯುತ್ತಾ. ಓಡುತ್ತಿರುವ ಪಂಪು ಚೆನ್ನಾಗಿದೆ, ಇದನ್ನು ಮುಂದಕ್ಕೆ ಇಟ್ಟುಕೊಳ್ಳುತ್ತೇನೆ ಎಂದರು ಚಾಲಕರು. ಪುಸ್ತಕದಲ್ಲಿ ಇಲ್ಲದ ಪಂಪು ದೋಣಿಯಲ್ಲಿ ಇರಕೂಡದು ಎಂದರು ಇಂಜಿನಿಯರು. ಅವರು ಕರೆತಂದಿದ್ದ ಮೇಸ್ತ್ರಿ ಫಿಟ್ಟರ ಪಂಪನ್ನು ಕಿತ್ತು ದಡಕ್ಕೆ ಎಸೆದ. ಹೊಸದನ್ನು ಕೂರಿಸಿದ.

ಚಾಲಕರು ಬಗ್ಗಿ ನೋಡಿದವರೇ, "ಇದರ ಬಾಯಿಗಳು ಅದಲು ಬದಲಾಗಿವೆ. ಇದು ನೀರು ಎಳೆಯುವುದಿಲ್ಲ, ಹೊರಗೆ ದಬ್ಬುತ್ತದೆ. ಎರಡು ಪೈಪು ತಿರುಗಿಸಿ ಹಾಕಿ, ಅಷ್ಟೇ ಸಾಕು" ಎಂದರು. ನಾನು ಅಲ್ಲೇ ಚೀಲ ಹಿಡಿದು ನಿಂತಿದ್ದೆ. ನನ್ನ ಕಿವಿಯಾರೆ ಕೇಳಿದ ಮಾತು.

"ಕಂಪನಿಯವರಿಗಿಂತ ನಿನಗೆ ಹೆಚ್ಚು ಗೊತ್ತಾ? ಚಾಲೂ ಮಾಡು" ಎಂದರು ಇಂಜಿನಿಯರು.

"ಇಂಜಿನ್ ಒಡೆಯುತ್ತದೆ ಸ್ವಾಮಿ."

ಅವರು ಮೇಸ್ತ್ರಿಯ ಕಡೆ ತಿರುಗಿದರು. ಅವನು ಹಿಡಿಕೆ ತಿರುಗಿಸಿದ, ದೋಣಿಯನ್ನು ಒಳಕ್ಕೆ ಬಿಟ್ಟ. ನಾನು ದಡದಿಂದಲೇ ಕೊಳವೆ ನೋಡುತ್ತಿದ್ದೆ. ಹೊಗೆ, ಮತ್ತೂ ಹೊಗೆ, ಒಂದು ಹನಿ ನೀರಿಲ್ಲ. ನೀರಿಲ್ಲ, ನಿಲ್ಲಿಸಿ ಎಂದು ಕೂಗಿ ಹೇಳಿದೆ. ಯಾರೂ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಲೋಹ ಬಿರಿದ ಸದ್ದು ದಡಕ್ಕೂ ಕೇಳಿಸಿತು. ಇಂಜಿನ್ನಿನ ತಲೆ ಸೀಳಿತ್ತು.

ವಿಚಾರಣೆ ಮಧುಗಿರಿಯ ಬಂಗಲೆಯಲ್ಲಿ ನಡೆಯಿತು. ನಾನೂ ಹೋದೆ. ಯಾರೂ ಕರೆದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಚಾಲಕರು ಒಗೆದ ಖಾಕಿ ಅಂಗಿ ಹಾಕಿಕೊಂಡು, ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಒಳಗೆ ಕರೆದಾಗ ನಾನೂ ಹಿಂದೆಯೇ ನುಗ್ಗಿದೆ. ಮೇಜಿನ ಮೇಲೆ ನನ್ನ ಎರಡು ಸಾಲಿನ ಕಾಗದವಿತ್ತು. ಯಂತ್ರಕ್ಕೆ ಹಾನಿಯಾಗಿದೆಯೆಂದು ನರ್ಸಮ್ಮನೇ ಬರೆದುಕೊಟ್ಟಿದ್ದಾರೆ, ಹೊರಗಿನ ಪಂಪಿನಿಂದ ಆಗಲೇ ಇಂಜಿನ್ ಹಾಳಾಗಿತ್ತು, ಚಾಲಕ ಅದಕ್ಕೆ ಒಪ್ಪಿ ಕೈಜೋಡಿಸಿದ್ದಾನೆ ಎಂದು ವಿಚಾರಣೆಯ ಅಧಿಕಾರಿ ಓದಿದರು.

"ಹಾನಿಯಾಗಿದ್ದಲ್ಲಿ ಅಂತ ಬರೆದಿದ್ದೀನಿ. ಹಾನಿ ಆಗಿಲ್ಲ. ಐದು ವಾರ ಓಡಿದೆ. ಒಡೆದದ್ದು ಇವರ ಪಂಪು ಹಾಕಿದ ದಿನ" ಎಂದೆ.

"ಸಹಿ ನಿಮ್ಮದೇ ತಾನೆ?"

"ನನ್ನದೇ. ವಾಕ್ಯ ನನ್ನದಲ್ಲ."

ಬರೆದುಕೊಳ್ಳುತ್ತಿದ್ದವನ ಪೆನ್ನು ನಿಂತಿತ್ತು. ನಾನು ಹೇಳಿದ್ದನ್ನು ಬರೆದುಕೊಳ್ಳಿ ಎಂದೆ. ಅವನು ಅಧಿಕಾರಿಯ ಮುಖ ನೋಡಿದ. ಹೊರಗೆ ಹೋಗಿ ಎಂದರು. ಬಂದು ಹೊರಗಿನ ಬೆಂಚಿನ ಮೇಲೆ ಕೂತೆ.

ಚಾಲಕರ ಕೆಲಸ ಹೋಯಿತು. ಹೊರಡುವ ದಿನ ಸಿರಾ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಫಿಟ್ಟರೂ ಬಂದಿದ್ದರು, ಖರ್ಜೂರದ ಪೊಟ್ಟಣ ತಂದಿದ್ದರು. ನನ್ನ ಕಾಗದದ ವಿಷಯ ಹೇಳಿ ತಪ್ಪಾಯಿತು ಎಂದೆ. ಚಾಲಕರು ಖರ್ಜೂರದ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡರು. "ನನ್ನ ಹತ್ತಿರವೂ ಬರೆಸಲಿಕ್ಕೆ ನೋಡಿದರು ಸಿಸ್ಟರೇ. ನನಗೆ ಬರೆಯಲಿಕ್ಕೆ ಬರುವುದಿಲ್ಲ, ಹಾಗಾಗಿ ಬಚಾವಾದೆ" ಎಂದರು. ಬೇಸರವಿಲ್ಲವೆಂದು ಮಾತ್ರ ಅವರು ಹೇಳಲಿಲ್ಲ. ಹೇಳದೇ ಇದ್ದದ್ದೇ ಸರಿ.

ಬಸ್ಸು ಹೋದ ಮೇಲೆ ನಾನು ಆ ಇಲಾಖೆಯ ಕಚೇರಿಗೆ ಹೋಗಿ ಫಿಟ್ಟರ ಪಂಪನ್ನಾದರೂ ಅವರಿಗೆ ವಾಪಸು ಕೊಡಿ ಎಂದು ಕೇಳಿದೆ. ಅದು ಈಗ ವಿಚಾರಣೆಯ ವಸ್ತು, ಕೊಡಲಾಗದು ಎಂದರು. ಕಿಟಕಿಯ ಕಟ್ಟೆಯ ಮೇಲೆ ಗಾಳಿಗೆ ಹಾರದಂತೆ ಕಾಗದಗಳ ಮೇಲೆ ಇಟ್ಟಿದ್ದರು ಅದನ್ನು. "ಬುಡ್ರಮ್ಮ, ಹೋಗ್ಲಿ" ಎಂದರು ಫಿಟ್ಟರು, ನಾನು ಬಂದು ಹೇಳಿದಾಗ. ನನಗೆ ಬಿಡಲಾಗಲಿಲ್ಲ, ಇನ್ನೂ ಮೂರು ಸಲ ಹೋಗಿ ಕೇಳಿದೆ.

ಬೇಸಿಗೆಗೆ ನನ್ನನ್ನು ಪಾವಗಡ ತಾಲೂಕಿಗೆ, ನಿಡುಗಲ್ ಕಡೆಯ ಒಂದು ಊರಿಗೆ ಎತ್ತಿಹಾಕಿದರು. ಬಸುರಿಯರು ತೆಲುಗಿನಲ್ಲಿ ನೋವು ಹೇಳಿಕೊಳ್ಳುವ ಊರು. ನೊಪ್ಪಿ ಎಂದರೆ ನೋವು ಎಂದು ಮೊದಲ ದಿನವೇ ಕಲಿತೆ. ಅಲ್ಲಿಗೆ ಒಂದು ಮಳೆಗಾಲದಲ್ಲಿ ಕರಾವಳಿಯಿಂದ ಚಾಲಕರ ಕಾರ್ಡು ಬಂತು, ಯಾರದೋ ಕೈಬರಹ. ನದಿ ದಾಟಿಸುವ ಒಂದು ಖಾಸಗಿ ದೋಣಿಯಲ್ಲಿ ಕೆಲಸ ಸಿಕ್ಕಿದೆ, ಇಂಜಿನ್ ಹಳೆಯದಾದರೂ ಮಾಲೀಕ ನನ್ನ ಮಾತು ಕೇಳುತ್ತಾನೆ, ಮಗಳಿಗೆ ಗಂಡು ಗೊತ್ತಾಗಿದೆ ಎಂದು ಬರೆಸಿದ್ದರು. ನಾನು ಅಂದೇ ಕೂತು ಉತ್ತರ ಬರೆದೆ. ಮೆಮೋಗೆ ಬರೆದು ಕಳಿಸದೇ ಹೋದ ಆ ನಾಲ್ಕು ಪುಟಗಳನ್ನು ನೆನಪಿನಿಂದ ಮತ್ತೆ ಬರೆದು, ಅವರಿಗೆ ಓದಿ ಹೇಳುವವರು ಯಾರಾದರೂ ಇರುತ್ತಾರೆಂದುಕೊಂಡು, ಜೊತೆಗೆ ಇಟ್ಟು ಕಳಿಸಿದೆ.